ಕೆರೆ ಮೀನು ತಿನ್ನಬಹುದಾ? ಭಾರಲೋಹದ ಚಿಂತೆ ಇರುವವರಿಗೆ ಒಂದು ಮಾರ್ಗದರ್ಶಿ

ಯಾವುದೋ ಕೆರೆಯ ಮೀನಿನಲ್ಲಿ ಸೀಸ ಸಿಕ್ಕಿದೆ ಅಂತ ಪೇಪರಿನಲ್ಲಿ ಬಂದ ದಿನ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಥರದ ಮೆಸೇಜ್ ಓಡಾಡುತ್ತವೆ. ಒಂದು, ಇನ್ಮೇಲೆ ಮೀನೇ ಬೇಡ. ಇನ್ನೊಂದು, ಉಪ್ಪು ಅರಿಶಿನ ಹಾಕಿ ಚೆನ್ನಾಗಿ ತೊಳೆದರೆ ಎಲ್ಲಾ ಹೋಗುತ್ತೆ, ಏನೂ ಆಗಲ್ಲ. ಎರಡೂ ಸರಿಯಲ್ಲ. ಮೀನು ಬಿಟ್ಟರೆ ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಪ್ರೋಟೀನ್ ಬಿಟ್ಟ ಹಾಗೆ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ. ಇನ್ನು ತೊಳೆದರೆ ಹೋಗುವುದು ಲೋಳೆ ಮತ್ತು ವಾಸನೆ ಅಷ್ಟೇ. ಲೋಹ ಮೀನಿನ ಮೈಯೊಳಗೆ ಇರುತ್ತದೆ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ನಾವು ಅಡುಗೆಮನೆಯಲ್ಲಿ ಪರಿಹಾರ ಹುಡುಕುತ್ತೇವೆ, ಆದರೆ ಮುಕ್ಕಾಲು ಪಾಲು ತೀರ್ಮಾನ ಆಗುವುದು ಮೀನು ಯಾವ ನೀರಿನಿಂದ ಬಂತು ಅನ್ನುವುದರಲ್ಲಿ. ನೀರು ಮೊದಲು, ಯಾವ ಜಾತಿಯ ಮೀನು ಅನ್ನುವುದು ಆಮೇಲೆ, ಹೇಗೆ ಹೆಚ್ಚುತ್ತೀರಿ ಅನ್ನುವುದು ಅದರ ನಂತರ. ಅಡುಗೆ ಕೊನೆಗೆ. ಅದೇ ಕ್ರಮದಲ್ಲಿ ಹೋಗೋಣ.

ಶುರು ಮಾಡುವ ಮುಂಚೆ: ಯಾವ ಲೋಹ?

ಭಾರಲೋಹ ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮಾತಾಡುವುದರಿಂದಲೇ ಅರ್ಧ ಗೊಂದಲ. ಪಾದರಸ ಒಂದು ರೀತಿ ನಡೆದುಕೊಳ್ಳುತ್ತದೆ, ಸೀಸ ಮತ್ತು ಕ್ಯಾಡ್ಮಿಯಂ ಇನ್ನೊಂದು ರೀತಿ.

ಪಾದರಸ ಕೆರೆ ತಳದ ಹೂಳಿಗೆ ಸೇರಿದಾಗ ಗಾಳಿಯಿಲ್ಲದ ಆ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಾಯಿಸುತ್ತವೆ. ಅದು ಪಾಚಿಗೆ ಹೋಗುತ್ತದೆ, ಪಾಚಿ ತಿಂದ ಹುಳಕ್ಕೆ, ಹುಳ ತಿಂದ ಸಣ್ಣ ಮೀನಿಗೆ, ಸಣ್ಣ ಮೀನು ತಿಂದ ದೊಡ್ಡ ಮೀನಿಗೆ. ಪ್ರತಿ ಮೆಟ್ಟಿಲಿನಲ್ಲೂ ಪ್ರಮಾಣ ಏರುತ್ತದೆ. ಮೀನಿಗೆ ವಯಸ್ಸಾದಷ್ಟೂ ಜಾಸ್ತಿ. ಮುಖ್ಯ ವಿಷಯ ಏನೆಂದರೆ ಇದು ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಅಂದರೆ ನಾವು ತಿನ್ನುವ ಪೀಸ್‌ನಲ್ಲೇ ಇರುತ್ತದೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ಕಾಯಿಲೆ ಇದರಿಂದಲೇ. ಅದು ಸಮುದ್ರದ ಮೀನಿನ ಕಥೆ ಅಂತ ಬಿಡಬೇಡಿ. ಕೆನಡಾದ ಒಂಟಾರಿಯೋದಲ್ಲಿ ಡ್ರೈಡನ್ ಅನ್ನುವ ಊರಿನ ಕಾಗದದ ಕಾರ್ಖಾನೆಯ ಕಡೆಯಿಂದ 1962 ಮತ್ತು 1970ರ ನಡುವೆ ಸುಮಾರು 9 ಟನ್ ಪಾದರಸ ವಾಬಿಗೂನ್ ನದಿಗೆ ಹೋಯಿತು. ನದಿಯ ಕೆಳಗಡೆ ಇರುವ ಗ್ರಾಸಿ ನ್ಯಾರೋಸ್‌ನ ಮೂಲನಿವಾಸಿಗಳು ಹೊಳೆ ಮೀನು ನಂಬಿ ಬದುಕುತ್ತಿದ್ದವರು. ಐವತ್ತು ವರ್ಷ ಕಳೆದರೂ ಅಲ್ಲಿನ ಮೀನಿನಲ್ಲಿ ಪಾದರಸ ಇದೆ. ಒಮ್ಮೆ ಹೂಳಿಗೆ ಸೇರಿದರೆ ಅಷ್ಟು ಕಾಲ ಉಳಿಯುತ್ತದೆ.

ಸೀಸ ಹಾಗಲ್ಲ. ಅದು ಮಾಂಸಕ್ಕಿಂತ ಮುಳ್ಳು, ಕಿವಿರು, ಯಕೃತ್ತು, ಮೂತ್ರಪಿಂಡ, ಹುರುಪೆಗಳಲ್ಲಿ ಸೇರಿಕೊಳ್ಳುತ್ತದೆ. ಕ್ಯಾಡ್ಮಿಯಂ ಕೂಡ ಹೆಚ್ಚಾಗಿ ಯಕೃತ್ತು, ಮೂತ್ರಪಿಂಡಗಳಲ್ಲಿ. ಚರ್ಮ ಹದ ಮಾಡುವ ಜಾಗ ಮತ್ತು ಪ್ಲೇಟಿಂಗ್ (ಲೋಹದ ಲೇಪ ಕೊಡುವ) ಘಟಕಗಳಿಂದ ಬರುವ ಕ್ರೋಮಿಯಂ ಕೂಡ ಮಾಂಸಕ್ಕಿಂತ ಕಿವಿರು ಮತ್ತು ಒಳಭಾಗಗಳಲ್ಲಿ ಜಾಸ್ತಿ ಸಿಗುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಸಣ್ಣ ಮೀನು ತಿನ್ನಿ, ದೊಡ್ಡದು ಬೇಡ ಅನ್ನುವ ಸಲಹೆ ಎಲ್ಲೆಡೆ ಕೇಳುತ್ತೀರಲ್ಲ, ಅದು ಪಾದರಸಕ್ಕೆ ಮಾತ್ರ ಸರಿ. ಸೀಸ ಸೇರಿದ ಕೆರೆಯಲ್ಲಿ ಅದೇ ಸಲಹೆ ತಲೆಕೆಳಗಾಗುತ್ತದೆ, ಯಾಕೆಂದರೆ ಸಣ್ಣ ಮೀನನ್ನು ನಾವು ತಲೆ, ಮುಳ್ಳು, ಎಷ್ಟೋ ಸಲ ಹೊಟ್ಟೆಯ ಸಮೇತ ಹುರಿದು ತಿಂದುಬಿಡುತ್ತೇವೆ. ದೊಡ್ಡ ಕಾಟ್ಲಾದ ಒಂದು ಮಾಂಸದ ಪೀಸ್ ಆ ಕೆರೆಯಲ್ಲಿ ಹೆಚ್ಚು ವಾಸಿ. ನಮ್ಮ ಊರು ಪೇಟೆಯ ಕೆರೆಗಳಲ್ಲಿ ದಿನನಿತ್ಯದ ಚಿಂತೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳದ್ದೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಂತರ್ಜಾಲದಲ್ಲಿ ಸಿಗುವ ಸಲಹೆಯೆಲ್ಲ ಅಮೆರಿಕದ ಪಾದರಸದ ಸಲಹೆ.

ಹೆಜ್ಜೆ 1: ಮೀನು ಎಲ್ಲಿಂದ ಬಂತು ಅಂತ ಕೇಳಿ

ಮೀನು ತಾಜಾ ಇದೆಯಾ ಅಂತ ಕಿವಿರು ಎತ್ತಿ ನೋಡುತ್ತೇವೆ, ಕಣ್ಣು ನೋಡುತ್ತೇವೆ, ರೇಟಿಗೆ ಚೌಕಾಸಿ ಮಾಡುತ್ತೇವೆ. ಎಲ್ಲಿಯದು ಅಂತ ಕೇಳುವವರು ಕಡಿಮೆ. ಕೇಳಿ. "ಅಣ್ಣಾ, ಇದು ಎಲ್ಲಿನ ಮೀನು? ಡ್ಯಾಂದಾ, ಕೆರೆದಾ, ಆಂಧ್ರದ್ದಾ?"

ಬೆಂಗಳೂರು ಸುತ್ತಮುತ್ತ ಸಿಗುವ ಐಸ್ ಹಾಕಿದ ರೋಹು, ಕಾಟ್ಲಾ ಬಹಳಷ್ಟು ಆಂಧ್ರದ ಗೋದಾವರಿ, ಕೃಷ್ಣಾ ಜಿಲ್ಲೆಗಳ ಕಡೆಯ ಹೊಂಡಗಳಲ್ಲಿ ಸಾಕಿದ್ದು. ಸುಮಾರು ಒಂದು ವರ್ಷದಲ್ಲಿ ಬೆಳೆಸಿ ಹಿಡಿಯುವ ಮೀನು, ಬೇರೆ ಮೀನು ತಿನ್ನುವ ಜಾತಿಯೂ ಅಲ್ಲ. ಹಾಗಾಗಿ ಪಾದರಸ ಕೂಡಿಕೊಳ್ಳಲು ಅದಕ್ಕೆ ಸಮಯವೇ ಇರುವುದಿಲ್ಲ. ಅದರ ತಾಜಾತನದ ಬಗ್ಗೆ, ಹಾಕುವ ಔಷಧಿಗಳ ಬಗ್ಗೆ ಬೇರೆ ಪ್ರಶ್ನೆಗಳಿವೆ, ಅದು ಇಲ್ಲಿನ ವಿಷಯವಲ್ಲ.

ಡ್ಯಾಂ ಮೀನು ಅಂದರೆ ಕೆಆರ್‌ಎಸ್, ಕಬಿನಿ, ಹೇಮಾವತಿ, ತುಂಗಭದ್ರಾ ಕಡೆಯದ್ದು. ದೊಡ್ಡ ನೀರು, ಹರಿಯುವ ನೀರು. ಸಾಮಾನ್ಯವಾಗಿ ಪೇಟೆ ಮಧ್ಯದ ಕೆರೆಗಿಂತ ವಾಸಿ. ಆದರೆ ಎಲ್ಲಾ ಮೀನಿಗೂ "ಡ್ಯಾಂದು ಸಾರ್" ಅನ್ನುವ ವ್ಯಾಪಾರಿಗಳಿದ್ದಾರೆ. ಯಾವ ಡ್ಯಾಂ, ಯಾವತ್ತು ಬಂತು ಅಂತ ಮುಂದಿನ ಪ್ರಶ್ನೆ ಕೇಳಿ ನೋಡಿ. ನಿಜವಾಗಿ ತರಿಸುವವನು ತಡವರಿಸದೆ ಹೇಳುತ್ತಾನೆ.

ಡ್ರಮ್ಮಿನಲ್ಲಿ ಜೀವಂತ ಒದ್ದಾಡುವ ಜಿಲೇಬಿ ಮೀನು, ಕ್ಯಾಟ್‌ಫಿಶ್ ಬಹುಮಟ್ಟಿಗೆ ಹತ್ತಿರದ ನೀರಿನದ್ದೇ ಆಗಿರುತ್ತದೆ. ಜೀವಂತ ಇದೆ ಅಂತ ಖುಷಿಪಡುವ ಮುಂಚೆ ಆ ಹತ್ತಿರದ ನೀರು ಯಾವುದು ಅಂತ ತಿಳಿದುಕೊಳ್ಳಿ. ಇಲ್ಲಿ ಒಂದು ಮಾತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಮಾರ್ಕೆಟ್ಟಿನಲ್ಲಿ ಇರುತ್ತದೆ. ಅದು ಗಾಳಿ ಕುಡಿದು ಬದುಕಬಲ್ಲ ಮೀನು, ಬೇರೆ ಮೀನು ಸಾಯುವ ಚರಂಡಿ ನೀರಿನಲ್ಲೂ ಕೊಬ್ಬುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ. ಎಲ್ಲಿ ಸಾಕಿದ್ದು ಅಂತ ಯಾರೂ ಬಾಯಿಬಿಡುವುದಿಲ್ಲ. ಇದನ್ನು ಕೊಳ್ಳಬೇಡಿ, ಅಷ್ಟೇ.

ಹೆಜ್ಜೆ 2: ಕೆರೆಗೆ ಏನು ಬಂದು ಬೀಳುತ್ತದೆ ನೋಡಿ

ನೀವೇ ಗಾಳ ಹಾಕುವವರಾದರೆ, ಅಥವಾ ಊರ ಕೆರೆ ಮೀನೇ ತಿನ್ನುವವರಾದರೆ ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಮೊಬೈಲಿನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆಯಿರಿ. ಕೆರೆ ಹುಡುಕಿ. ಅದಕ್ಕೆ ಬಂದು ಸೇರುವ ರಾಜಕಾಲುವೆ ಹಿಡಿದು ಮೇಲಕ್ಕೆ ಹೋಗಿ. ದಾರಿಯಲ್ಲಿ ಏನೇನಿದೆ ನೋಡುತ್ತಾ ಬನ್ನಿ. ಇಂಡಸ್ಟ್ರಿಯಲ್ ಏರಿಯಾ ಇದೆಯಾ? ಗುಜರಿ ಅಂಗಡಿಗಳ ಸಾಲು, ಹಳೆ ಬ್ಯಾಟರಿ ಕರಗಿಸುವ ಜಾಗ, ಬಣ್ಣ ಹಾಕುವ ಘಟಕ, ವೈರ್ ಸುಟ್ಟು ತಾಮ್ರ ತೆಗೆಯುವವರು, ಕಸದ ಗುಡ್ಡ? ಇವುಗಳಲ್ಲಿ ಒಂದಿದ್ದರೂ ಆ ಕೆರೆ ಮೀನನ್ನು ದಿನದ ಊಟ ಮಾಡಿಕೊಳ್ಳಬೇಡಿ. ಹಳೆ ಬ್ಯಾಟರಿ ಕರಗಿಸುವುದು ಸೀಸದ ದೊಡ್ಡ ಮೂಲ. ಕಾಂಪೌಂಡ್ ಒಳಗೆ ಗುಟ್ಟಾಗಿ ನಡೆಯುವುದರಿಂದ ಮ್ಯಾಪಿನಲ್ಲಿ ಕಾಣದೇ ಇರಬಹುದು, ಊರಿನವರನ್ನು ಕೇಳಿದರೆ ಗೊತ್ತಾಗುತ್ತದೆ.

ಬೆಂಗಳೂರಿನ ಉದಾಹರಣೆ ತೆಗೆದುಕೊಳ್ಳಿ. ವೃಷಭಾವತಿ ಬಸವನಗುಡಿ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕ ಇಡೀ ಪಶ್ಚಿಮ ಬೆಂಗಳೂರಿನ ಕೊಳಚೆ ಹೊತ್ತುಕೊಂಡು ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಕಡೆ ಹೋಗುತ್ತದೆ, ಅಲ್ಲಿಂದ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಪೀಣ್ಯದಂಥ ಕಡೆ ಪ್ಲೇಟಿಂಗ್ ಘಟಕಗಳು ಎಷ್ಟಿವೆ ಅಂತ ಆ ಕಡೆ ಓಡಾಡಿದವರಿಗೆಲ್ಲ ಗೊತ್ತು. ವೃಷಭಾವತಿಯ ನೀರು, ಹೂಳಿನಲ್ಲಿ ಲೋಹಗಳಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಆ ಸಾಲಿನ ಕೆರೆಗಳ ಮೀನು ನಾನಂತೂ ತಿನ್ನುವುದಿಲ್ಲ, ಯಾರು ಎಷ್ಟೇ ಚೆನ್ನಾಗಿ ಮಸಾಲೆ ಹಾಕಿ ಕೊಟ್ಟರೂ.

ಪೂರ್ವಕ್ಕೆ ಬೆಳ್ಳಂದೂರು, ವರ್ತೂರು. 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಳ್ಳಂದೂರಿನಲ್ಲಿ ಬೆಂಕಿ ಹೊತ್ತಿಕೊಂಡಿದ್ದು ನೆನಪಿರಬೇಕಲ್ವಾ. ಈ ಕೆರೆಗಳಲ್ಲಿ ಉಕ್ಕುವ ನೊರೆಗೆ ಕಾರಣ ಮುಖ್ಯವಾಗಿ ಸೋಪು, ಡಿಟರ್ಜೆಂಟ್ ಮತ್ತು ಕೊಳಚೆ. ಅಂದರೆ ನೊರೆ ಕಂಡರೆ ಲೋಹ ಇದೆ ಅಂತಲೂ ಅಲ್ಲ, ನೊರೆ ನಿಂತರೆ ಲೋಹ ಹೋಯಿತು ಅಂತಲೂ ಅಲ್ಲ. ಕಣ್ಣಿಗೆ ಕಾಣುವ ಯಾವ ಗುರುತೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಒಣಗಿದ್ದ ಕೆರೆಗಳು ತುಂಬಿವೆ, ಮೀನು ಕೃಷಿಯೂ ನಡೆಯುತ್ತದೆ, ಇದನ್ನು ಸುಮ್ನೆ ತೆಗಳುವುದು ನ್ಯಾಯವಲ್ಲ. ಆದರೆ ಆ ನೀರಿಗೆ ಆಗುವುದು ಎರಡನೇ ಹಂತದ ಶುದ್ಧೀಕರಣ. ಅದನ್ನು ರೂಪಿಸಿರುವುದು ಮುಖ್ಯವಾಗಿ ಕೊಳೆಯುವ ಪದಾರ್ಥ ಕಡಿಮೆ ಮಾಡಲು. ಲೋಹದ ಒಂದಷ್ಟು ಪಾಲು ಕೆಸರಿನ ಜೊತೆ ಅಲ್ಲೇ ಉಳಿಯುತ್ತದೆ ನಿಜ, ಆದರೆ ಲೋಹ ತೆಗೆಯುವುದೇ ಅದರ ಕೆಲಸವಲ್ಲ. ಆ ಭಾಗದ ಮೀನು ಸಾಕುವವರು ಕೆಳಗೆ ಹೇಳುವ ಲ್ಯಾಬ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸುವುದು ಒಳ್ಳೆಯದು.

ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆಗಳಿಗೆ ಎ ಇಂದ ಇ ವರೆಗೆ ದರ್ಜೆ ಕೊಡುತ್ತದೆ. ಡಿ ದರ್ಜೆ ಅಂದರೆ ವನ್ಯಜೀವಿ ಮತ್ತು ಮೀನುಗಾರಿಕೆಗೆ ಆಗುವ ನೀರು. ಬೆಂಗಳೂರಿನ ಎಷ್ಟೋ ಕೆರೆಗಳು ಡಿ ಅಥವಾ ಇ. ಈಗ ಇದನ್ನು ಗಮನವಿಟ್ಟು ಓದಿ: ಡಿ ದರ್ಜೆಗೆ ನೋಡುವುದು ಪಿಎಚ್ 6.5ರಿಂದ 8.5, ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಅಮೋನಿಯಾ ಲೀಟರಿಗೆ 1.2 ಮಿಲಿಗ್ರಾಂ ಒಳಗೆ. ಅಷ್ಟೇ. ಲೋಹದ ಮಾತೇ ಅದರಲ್ಲಿಲ್ಲ. ಡಿ ಅಂದರೆ ಮೀನು ಬದುಕಬಹುದಾದ ನೀರು ಅಂತ ಅರ್ಥ, ಆ ಮೀನನ್ನು ನಾವು ತಿನ್ನಬಹುದು ಅಂತಲ್ಲ. ಯಾರಾದರೂ "ನಮ್ಮ ಕೆರೆ ಡಿ ಗ್ರೇಡ್, ಮೀನುಗಾರಿಕೆಗೆ ಓಕೆ" ಅಂದರೆ ಇದನ್ನು ತೋರಿಸಿ.

ಹಾಗೆಯೇ ಮೀನಿನ ಸಾಮೂಹಿಕ ಸಾವು. 2016ರಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ತೇಲಿದಾಗ ವಿಷ ವಿಷ ಅಂತ ಜನ ಹೆದರಿದರು. ಕೊಳಚೆ ಸೇರುವ ಕೆರೆಗಳಲ್ಲಿ ಇಂಥ ಸಾವಿಗೆ ಸಾಮಾನ್ಯ ಕಾರಣ ಆಮ್ಲಜನಕ ಕಡಿಮೆಯಾಗುವುದು. ಲೋಹ ಇಷ್ಟು ನಾಟಕೀಯವಾಗಿ ಕೊಲ್ಲುವುದು ಅಪರೂಪ. ಲೋಹ ತುಂಬಿದ ಮೀನು ಚೆನ್ನಾಗಿಯೇ ಈಜುತ್ತಿರುತ್ತದೆ, ದಪ್ಪಗೂ ಇರುತ್ತದೆ. ತೇಲಿದ ಮೀನನ್ನು ತಿನ್ನಬಾರದು, ಅದು ಬೇರೆ.

ಗಣೇಶ ಹಬ್ಬ ಆದ ಮೇಲೆ ಕೆರೆ ಮೀನು ಹೇಗೆ ಅಂತ ಕೇಳುವವರಿದ್ದಾರೆ. ಬಣ್ಣ ಹಚ್ಚಿದ ಮೂರ್ತಿಗಳ ಬಣ್ಣದಲ್ಲಿ ಸೀಸ, ಕ್ರೋಮಿಯಂ ಇರಬಹುದು, ಅದಕ್ಕೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ವಿಸರ್ಜನೆಗೆ ನಿಯಮ ಮಾಡಿ 2020ರಲ್ಲಿ ಪರಿಷ್ಕರಿಸಿದ್ದು. ಪಕ್ಕದಲ್ಲಿ ಬೇರೆ ಕಲ್ಯಾಣಿ ಕಟ್ಟಿರುವ ಕೆರೆಗಳಲ್ಲಿ ಚಿಂತೆ ಕಡಿಮೆ. ಸಣ್ಣ ಊರಕೆರೆಗೆ ನೂರಾರು ಪಿಒಪಿ ಮೂರ್ತಿ ನೇರ ಮುಳುಗಿಸುತ್ತಾರೆ ಅಂದರೆ ಆ ಕೆರೆಯ ತಳ ಮೇಯುವ ಮೀನನ್ನು ಬಿಡಿ.

ಹೆಜ್ಜೆ 3: ಜಾತಿ ನೋಡಿ ಆರಿಸಿ

ಕಾಟ್ಲಾ ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ ತಿನ್ನುತ್ತದೆ. ರೋಹು ನಡುನೀರಿನದ್ದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತವೆ. ಹುಲ್ಲುಗೆಂಡೆ ಹೆಸರೇ ಹೇಳುವ ಹಾಗೆ ಜೊಂಡು, ಹುಲ್ಲು. ಜಿಲೇಬಿ ಪಾಚಿಯಿಂದ ಹಿಡಿದು ಕೊಳೆತದ್ದರವರೆಗೆ ಎಲ್ಲವನ್ನೂ. ಕೊರಮೀನು, ಕ್ಯಾಟ್‌ಫಿಶ್, ಬಾಳೆಮೀನು ಬೇರೆ ಮೀನು ಹಿಡಿದು ತಿನ್ನುವವು.

ಲೋಹ ಹೆಚ್ಚಾಗಿ ಕೂತಿರುವುದು ಹೂಳಿನಲ್ಲಿ. ಹಾಗಾಗಿ ಅನುಮಾನ ಇರುವ ಕೆರೆಯಲ್ಲಿ ಕಾಟ್ಲಾ, ಹುಲ್ಲುಗೆಂಡೆ ಮೇಲು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಅಷ್ಟಕ್ಕಷ್ಟೆ. ಪಾದರಸದ ಅನುಮಾನ ಇದ್ದರೆ ಬೇಟೆ ಮೀನು, ಅದರಲ್ಲೂ ದೊಡ್ಡ ಹಳೆ ಮೀನು ಬೇಡ. ಕಲ್ಲಿದ್ದಲು ಸುಡುವ ಜಾಗದ ಹತ್ತಿರದ ನೀರಿಗೆ ಈ ಎಚ್ಚರ ಜಾಸ್ತಿ ಬೇಕು, ಕಲ್ಲಿದ್ದಲಿನಲ್ಲಿ ಪಾದರಸ ಇರುತ್ತದೆ. ಶಕ್ತಿನಗರದ ಥರ್ಮಲ್ ಸ್ಟೇಷನ್ ಕೃಷ್ಣಾ ದಂಡೆಯಲ್ಲೇ ಇದೆ.

ಬಾಣಂತಿಯರಿಗೆ, ಆಪರೇಷನ್ ಆದವರಿಗೆ ಕೊರಮೀನು ಸಾರು ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಮೀನು ಒಳ್ಳೆಯದೇ, ತಕರಾರಿಲ್ಲ. ಆದರೆ ಅವರಿಗೆ ಕೊಡುವಾಗಲೇ ಎಲ್ಲಿನದ್ದು ಅಂತ ಎಲ್ಲಕ್ಕಿಂತ ಜಾಸ್ತಿ ನೋಡಬೇಕು. ದುಡ್ಡು ಸ್ವಲ್ಪ ಹೆಚ್ಚಾದರೂ ಗೊತ್ತಿರುವವರು ಹೊಂಡದಲ್ಲಿ ಸಾಕಿದ ಮರಿಮೀನು ತನ್ನಿ. ಕರಾವಳಿಯವರು ಹಾಲು ಹೆಚ್ಚಲಿ ಅಂತ ಬಾಣಂತಿಗೆ ಸಣ್ಣ ಶಾರ್ಕ್ ಪದಾರ್ಥ ಮಾಡಿಕೊಡುವುದುಂಟು. ಶಾರ್ಕ್ ಪಾದರಸ ಜಾಸ್ತಿ ಇರುವ ಮೀನುಗಳ ಪಟ್ಟಿಯಲ್ಲಿ ಮೇಲೇ ಇದೆ. ಹಿರಿಯರಿಗೆ ಬೇಜಾರಾಗದ ಹಾಗೆ ಬಂಗುಡೆಗೋ ಬೂತಾಯಿಗೋ ಬದಲಾಯಿಸಿ.

ಹೆಜ್ಜೆ 4: ಹೆಚ್ಚುವಾಗ ಏನು ಬಿಸಾಡಬೇಕು

ಅನುಮಾನದ ನೀರಿನ ಮೀನಾದರೆ ತಲೆ, ಕಿವಿರು, ಹೊಟ್ಟೆಯೊಳಗಿನದ್ದೆಲ್ಲ, ಬೆನ್ನೆಲುಬಿಗೆ ಅಂಟಿಕೊಂಡು ಕಪ್ಪಗೆ ರಕ್ತದ ಗೆರೆಯ ಥರ ಇರುತ್ತದಲ್ಲ, ಅದು ಮೂತ್ರಪಿಂಡ, ಅದನ್ನೂ ಉಗುರಿನಿಂದ ಕೆರೆದು ತೆಗೆಯಿರಿ. ಅಂಗಡಿಯಲ್ಲಿ ಕತ್ತರಿಸಿ ಕೊಡುವವರು ಇದನ್ನು ಬಿಟ್ಟುಬಿಡುತ್ತಾರೆ. ಹುರುಪೆ, ಚರ್ಮ ತೆಗೆಸಿ. ಮುಳ್ಳನ್ನು ಜಗಿದು ಚೀಪಬೇಡಿ.

ತಲೆ ಸಾರು ಇಷ್ಟ ಅನ್ನುವವರಿಗೆ ಇದು ಕಷ್ಟದ ಮಾತು, ಗೊತ್ತು. ಕಾಟ್ಲಾ ತಲೆಯ ಸಾರು ಬಿಡುವುದು ಸುಲಭವಲ್ಲ. ನನ್ನ ರಾಜಿ ಸೂತ್ರ ಇದು: ಡ್ಯಾಂ ಮೀನಿನ, ಸಾಕಿದ ಮೀನಿನ ತಲೆ ಹಾಕಿ, ಕಿವಿರು ಪೂರ್ತಿ ಕಿತ್ತು. ಪೇಟೆ ಕೆರೆಯ ಮೀನಿನ ತಲೆ ಬೇಡ.

ಪಾದರಸಕ್ಕೆ ಮಾತ್ರ ಈ ಹೆಚ್ಚುವಿಕೆಯಿಂದ ಪ್ರಯೋಜನ ಇಲ್ಲ. ಅದು ಮಾಂಸದಲ್ಲೇ ಇದೆ ಅಂದೆನಲ್ಲ. ಕೊಬ್ಬು ತೆಗೆದರೆ ವಿಷ ಹೋಗುತ್ತದೆ ಅನ್ನುವ ಸಲಹೆಯೂ ಕೇಳಿರಬಹುದು. ಅದು ಕೀಟನಾಶಕ, ಪಿಸಿಬಿಯಂಥ ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳ ಬಗ್ಗೆ ಹೇಳಿದ್ದು, ಲೋಹದ ಬಗ್ಗೆ ಅಲ್ಲ.

ಗಾಳ ಹಾಕುವವರಿಗೆ: ದಾರಕ್ಕೆ ಕಟ್ಟುವ ಗುಂಡು, ಬೀಸುಬಲೆಯ ಅಂಚಿನ ಗುಂಡು ಸೀಸದ್ದು. ಹಲ್ಲಿನಿಂದ ಕಚ್ಚಿ ಬಿಗಿ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಕ್ಕಳ ಕೈಗೆ ಆಡಲು ಕೊಡಬೇಡಿ. ಬಲೆ ಮುಟ್ಟಿದ ಕೈ ತೊಳೆದು ಊಟಕ್ಕೆ ಕೂರಿ. ಸೀಸ ಕರಗಿಸಿ ಮನೆಯಲ್ಲೇ ಗುಂಡು ಎರಕ ಹೊಯ್ಯುವವರಿದ್ದಾರೆ, ಅದರ ಹೊಗೆ ಮೀನಿಗಿಂತ ದೊಡ್ಡ ಅಪಾಯ.

ಹೆಜ್ಜೆ 5: ಅಡುಗೆಯಿಂದ ಏನಾಗುತ್ತದೆ, ಏನಾಗುವುದಿಲ್ಲ

ಉಪ್ಪು, ಅರಿಶಿನ, ಹುಣಸೆಹಣ್ಣು, ನಿಂಬೆಹುಳಿ, ಮಜ್ಜಿಗೆಯಲ್ಲಿ ನೆನೆಸುವುದು. ಇದೆಲ್ಲ ಕೆರೆ ಮೀನಿನ ಕೆಸರು ವಾಸನೆ ಕಡಿಮೆ ಮಾಡುತ್ತದೆ. ಆ ಮಣ್ಣು ವಾಸನೆಗೆ ಕಾರಣ ಪಾಚಿ ಮತ್ತು ಬ್ಯಾಕ್ಟೀರಿಯಾಗಳು ಮಾಡುವ ಜಿಯೋಸ್ಮಿನ್ ಅನ್ನುವ ಪದಾರ್ಥ. ಅದಕ್ಕೂ ಲೋಹಕ್ಕೂ ಸಂಬಂಧವಿಲ್ಲ. ವಾಸನೆ ಹೋದರೆ ವಿಷವೂ ಹೋಯಿತು ಅಂದುಕೊಂಡರೆ ಅಲ್ಲೇ ಮೋಸ. ಬೇಯಿಸಿದರೂ ಹುರಿದರೂ ಲೋಹ ಸುಟ್ಟುಹೋಗುವ ವಸ್ತುವಲ್ಲ. ನೀರಿನಂಶ ಹೋಗಿ ಪೀಸ್ ಕುಗ್ಗುವುದರಿಂದ ಹುರಿದ ಮೀನಿನಲ್ಲಿ ಗ್ರಾಂ ಲೆಕ್ಕಕ್ಕೆ ಪಾದರಸ ಸ್ವಲ್ಪ ಏರುತ್ತದೆ ಕೂಡ.

ಇನ್ನೊಂದು ಕಡೆಯಿಂದ ನಾವೇ ಲೋಹ ಸೇರಿಸುವುದುಂಟು. ಹುಣಸೆ ಹುಳಿಯ ಮೀನು ಸಾರನ್ನು ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಾಡಿದರೆ ತಾಮ್ರ ಬಿಡುತ್ತದೆ. ಕಲಾಯಿ ಹಾಕುವವನು ತವರದ ಜೊತೆ ಸೀಸ ಬೆರೆಸಿದ್ದರೆ ಇನ್ನೂ ಕೆಟ್ಟದ್ದು. ಹೊಳಪಿನ ಬಣ್ಣ ಬಳಿದ ಮಣ್ಣಿನ ಪಾತ್ರೆಯೂ ಬೇಡ, ಬಣ್ಣ ಇಲ್ಲದ ಹಳೆಯ ಮಾದರಿಯ ಮಡಕೆ ಆಗುತ್ತದೆ. ಬಿಡಿಯಾಗಿ ಸಿಗುವ ಕಣ್ಣು ಕುಕ್ಕುವ ಹಳದಿ ಅರಿಶಿನ ಪುಡಿಯಲ್ಲಿ ಸೀಸದ ಕ್ರೋಮೇಟ್ ಕಲಬೆರಕೆ ಸಿಕ್ಕಿರುವ ಉದಾಹರಣೆ ಬಾಂಗ್ಲಾದೇಶದಲ್ಲೂ ನಮ್ಮ ದೇಶದಲ್ಲೂ ಇದೆ. ಮೀನಿನ ವಿಷ ಹೋಗಲಿ ಅಂತ ಹಾಕುವ ಅರಿಶಿನದಲ್ಲೇ ಸೀಸ ಇದ್ದರೆ ಏನು ಮಾಡುವುದು! ಕೊಂಬು ತಂದು ಪುಡಿ ಮಾಡಿಸಿಕೊಳ್ಳಿ.

ಹೆಜ್ಜೆ 6: ಎಷ್ಟು ತಿನ್ನಬಹುದು, ಲೆಕ್ಕ ಹಾಕಿ

ಪಾದರಸಕ್ಕೆ ಲೆಕ್ಕ ಸುಲಭ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಯಾದ ಎಫ್‌ಎಒ ಜಂಟಿ ತಜ್ಞರ ಸಮಿತಿ 2003ರಲ್ಲಿ ಮೀಥೈಲ್ ಪಾದರಸಕ್ಕೆ ಇಟ್ಟ ಮಿತಿ ವಾರಕ್ಕೆ, ಮೈತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ ವಾರಕ್ಕೆ 96 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಬೇಟೆಯಾಡದ ಮೀನಿಗೆ ಪಾದರಸದ ಕಾನೂನು ಮಿತಿ ಕಿಲೋಗೆ 0.5 ಮಿಲಿಗ್ರಾಂ. ಮಿತಿಯ ಅಂಚಿನಲ್ಲಿರುವ ಅಂಥ ಮೀನನ್ನು ಈ ವ್ಯಕ್ತಿ ವಾರಕ್ಕೆ ಸುಮಾರು 190 ಗ್ರಾಂ ತಿನ್ನಬಹುದು. ಎರಡು ಪೀಸ್ ಅನ್ನಿ. ಅದೇ 15 ಕಿಲೋ ತೂಕದ ಮಗುವಿಗೆ ಬರುವುದು 48 ಗ್ರಾಂ. ಅಂದರೆ ಕಾನೂನಿನ ಪ್ರಕಾರ ಪಾಸಾದ ಮೀನಿನಲ್ಲೇ ಮಗುವಿಗೆ ವಾರಕ್ಕೆ ಒಂದು ಸಣ್ಣ ತುಂಡು ದಾಟಿದರೆ ಲೆಕ್ಕ ಮೀರುತ್ತದೆ. ಕಿಲೋಗೆ 0.05 ಇರುವ ಮೀನಾದರೆ ದೊಡ್ಡವರಿಗೆ ವಾರಕ್ಕೆ ಸುಮಾರು 1.9 ಕಿಲೋವರೆಗೂ ಚಿಂತೆಯಿಲ್ಲ. ಹೊಂಡದಲ್ಲಿ ಸಾಕಿದ ಗೆಂಡೆ ಮೀನುಗಳು ಸಾಮಾನ್ಯವಾಗಿ ಈ ಕಡಿಮೆ ಕಡೆಯವು.

ಸೀಸಕ್ಕೆ ಇಂಥ ಲೆಕ್ಕ ಹಾಕಲು ಬರುವುದಿಲ್ಲ. ಮೊದಲು ಒಂದು ವಾರದ ಮಿತಿ ಇತ್ತು, 2010ರಲ್ಲಿ ಅದೇ ಸಮಿತಿ ಅದನ್ನು ವಾಪಸ್ ತೆಗೆದುಕೊಂಡಿತು, ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ. ಮಕ್ಕಳ ಮಿದುಳಿಗೆ ಅಷ್ಟು ಕೆಟ್ಟದ್ದು ಅದು. ಹಾಗಾಗಿ ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರಿಗೆ ಪೇಟೆ ಕೆರೆ ಮೀನು ಕೊಡಲೇಬೇಡಿ. ಉಳಿದವರು ಬೇರೇನೂ ಸಿಗದಿದ್ದಾಗ ಅಪರೂಪಕ್ಕೆ, ಮಾಂಸದ ಭಾಗ ಮಾತ್ರ. ಒಂದೇ ಕೆರೆಯ ಮೀನನ್ನು ವರ್ಷವಿಡೀ ತಿನ್ನುವುದಕ್ಕಿಂತ ಬೇರೆ ಬೇರೆ ಕಡೆಯದ್ದನ್ನು ಬದಲಾಯಿಸುತ್ತಾ ತಿನ್ನುವುದು ವಾಸಿ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮೈ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಮಕ್ಕಳಿಗೆ ರಾಗಿ, ಸೊಪ್ಪು, ಹಾಲು ತಪ್ಪಿಸಬೇಡಿ.

ಹೆಜ್ಜೆ 7: ಪರೀಕ್ಷೆ ಮಾಡಿಸುವುದು, ವರದಿ ಓದುವುದು

ಇದು ಒಂದು ಮನೆಯವರಿಗೆ ದುಬಾರಿ. ಆದರೆ ಕೆರೆ ಗುತ್ತಿಗೆ ಹಿಡಿದವರು, ಅಪಾರ್ಟ್‌ಮೆಂಟಿನವರು, ಕೆರೆ ಸಂರಕ್ಷಣೆ ಅಂತ ಸೇರಿದ ಗುಂಪಿನವರು ಒಟ್ಟಾಗಿ ಮಾಡಿಸಬಹುದು. ನೀರು ಪರೀಕ್ಷೆ ಮಾಡುವ ಪಟ್ಟಿ, ಕಿಟ್‌ಗಳು ಮೀನಿಗೆ ಬರುವುದಿಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಹಾರ ಪರೀಕ್ಷಾ ಲ್ಯಾಬ್ ಬೇಕು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲೂ ಆಹಾರ ಪರೀಕ್ಷೆಯ ಸೇವೆ ಇದೆ. ಫೋನ್ ಮಾಡಿ "ಮೀನಿನ ಮಾಂಸದಲ್ಲಿ ಪಾದರಸ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ, ಐಸಿಪಿ-ಎಂಎಸ್ ವಿಧಾನದಲ್ಲಿ ಮಾಡುತ್ತೀರಾ, ಮೀನಿಗೆ ನಿಮ್ಮ ಮಾನ್ಯತೆ ಇದೆಯಾ" ಅಂತ ಕೇಳಿ. ಈ ಕೊನೆಯ ಪ್ರಶ್ನೆ ಮುಖ್ಯ, ನೀರಿಗೆ ಮಾತ್ರ ಮಾನ್ಯತೆ ಇರುವ ಲ್ಯಾಬ್‌ಗಳಿವೆ.

ಒಂದೇ ಮೀನು ಕೊಡಬೇಡಿ. ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಅಳತೆಯ ಐದಾರು ಮೀನು ತೆಗೆದುಕೊಳ್ಳಿ. ಹೊಸ ಪ್ಲಾಸ್ಟಿಕ್ ಕವರಿಗೆ ಹಾಕಿ, ಐಸ್ ಮೇಲಿಟ್ಟು ಅವತ್ತೇ ತಲುಪಿಸಿ. ಯಾವ ಕೆರೆ, ಯಾವ ದಿನ, ತೂಕ, ಉದ್ದ ಬರೆದಿಡಿ. ಮಾಂಸವನ್ನು ಬೇರೆ, ತಲೆ ಮತ್ತು ಒಳಭಾಗವನ್ನು ಬೇರೆ ಪರೀಕ್ಷಿಸಲು ಹೇಳಿದರೆ ಖರ್ಚು ಹೆಚ್ಚುತ್ತದೆ, ಆದರೆ ತಲೆ ಸಾರಿನ ಪ್ರಶ್ನೆಗೆ ಉತ್ತರ ಸಿಗುವುದು ಅದರಿಂದಲೇ. ಕೆರೆ ಹೂಳೆತ್ತಿಸಿದ ವರ್ಷ ತಪ್ಪದೆ ಮಾಡಿಸಿ, ತಳದಲ್ಲಿ ಕೂತಿದ್ದದ್ದು ಕದಡಿ ಮೇಲೆ ಬಂದಿರುತ್ತದೆ. ಆ ಹೂಳನ್ನು ಹೊಲಕ್ಕೆ ಹೊಡೆಯುವ ಮುಂಚೆ ಅದನ್ನೂ ಒಂದು ಸಲ ನೋಡಿಸಿ.

ವರದಿ ಬಂದ ಮೇಲೆ ಮೊದಲು ನೋಡಬೇಕಾದ್ದು ಸಂಖ್ಯೆಯನ್ನಲ್ಲ, ಹಸಿ ತೂಕವಾ ಒಣ ತೂಕವಾ ಅನ್ನುವುದನ್ನು. ಮೀನಿನಲ್ಲಿ ನೂರಕ್ಕೆ 75ರಿಂದ 80 ಪಾಲು ನೀರು. ಒಣಗಿಸಿ ಅಳೆದರೆ ಅದೇ ಮೀನಿನ ಸಂಖ್ಯೆ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತದೆ. ಕಾನೂನು ಮಿತಿ ಇರುವುದು ಹಸಿ ತೂಕಕ್ಕೆ. ಉದಾಹರಣೆಗೆ ಒಣ ತೂಕದಲ್ಲಿ ಸೀಸ ಕಿಲೋಗೆ 1 ಮಿಲಿಗ್ರಾಂ ಅಂತ ಬಂದಿದೆ, ನೀರಿನಂಶ 78 ಅಂದುಕೊಳ್ಳಿ. ಹಸಿ ತೂಕಕ್ಕೆ ಅದು 0.22. ಮೀನಿನಲ್ಲಿ ಸೀಸದ ಮಿತಿ 0.3. ಅಂದರೆ ಮಿತಿಯ ಒಳಗೇ ಇದೆ, ಆದರೆ ಪೇಪರಿನಲ್ಲಿ ಮೂರು ಪಟ್ಟು ವಿಷ ಅಂತ ಬರುತ್ತದೆ. ಪೇಪರ್ ಸುದ್ದಿ ಓದುವಾಗ ಇನ್ನೊಂದನ್ನೂ ಹುಡುಕಿ, ಅಳೆದಿದ್ದು ಮಾಂಸವನ್ನಾ, ಯಕೃತ್ತನ್ನಾ. ಯಕೃತ್ತಿನ ಸಂಖ್ಯೆ ಯಾವಾಗಲೂ ಹೆದರಿಸುವ ಹಾಗೇ ಇರುತ್ತದೆ. ಇನ್ನು ಪಿಪಿಎಂ ಅಂದರೂ ಕಿಲೋಗೆ ಮಿಲಿಗ್ರಾಂ ಅಂದರೂ ಒಂದೇ. ಪಿಪಿಬಿ ಅಂದಿದ್ದರೆ ಸಾವಿರದಿಂದ ಭಾಗಿಸಿ.

ಹೆಜ್ಜೆ 8: ವರ್ಷಗಟ್ಟಲೆ ತಿಂದಿದ್ದೇವೆ, ಈಗೇನು?

ಗಾಬರಿ ಬೇಡ. ಮೀಥೈಲ್ ಪಾದರಸ ಮೈಯಿಂದ ಸುಮಾರು 50 ದಿನಕ್ಕೆ ಅರ್ಧದಷ್ಟು ಹೋಗುತ್ತದೆ, ತಿನ್ನುವುದು ನಿಲ್ಲಿಸಿದರೆ ಸಾಕು. ರಕ್ತದಲ್ಲಿನ ಸೀಸವೂ ಸುಮಾರು ಒಂದು ತಿಂಗಳಿಗೆ ಅರ್ಧ ಇಳಿಯುತ್ತದೆ, ಆದರೆ ಮೂಳೆಗೆ ಸೇರಿದ ಪಾಲು ಹತ್ತಾರು ವರ್ಷ ಉಳಿಯುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ 10ರಿಂದ 30 ವರ್ಷ ಕೂತಿರುತ್ತದೆ. ಅದಕ್ಕೇ ಸಿಗರೇಟು ಸೇದುವವರಿಗೆ ಇದು ಇನ್ನೂ ಕೆಟ್ಟದ್ದು, ತಂಬಾಕಿನಲ್ಲೂ ಕ್ಯಾಡ್ಮಿಯಂ ಇದೆ.

ಕೊತ್ತಂಬರಿ ಜ್ಯೂಸ್, ಡಿಟಾಕ್ಸ್ ಪುಡಿ, ಕಾಲಿಗೆ ಅಂಟಿಸುವ ಪಟ್ಟಿ ಇವಕ್ಕೆಲ್ಲ ದುಡ್ಡು ಸುರಿಯಬೇಡಿ. ಲೋಹ ತೆಗೆಯುವ ಔಷಧಿ ನಿಜವಾಗಿ ಇದೆ, ಆದರೆ ಅದನ್ನು ಕೊಡುವುದು ಪ್ರಮಾಣ ತುಂಬಾ ಜಾಸ್ತಿ ಇದ್ದಾಗ, ಆಸ್ಪತ್ರೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ. ಸಂಶಯ ಇದ್ದರೆ ಮಗುವಿಗೆ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಜಾಸ್ತಿ ಬಂದರೆ ತೋಳಿನ ರಕ್ತನಾಳದಿಂದ ತೆಗೆದು ಇನ್ನೊಮ್ಮೆ ಮಾಡಿಸಬೇಕು, ಬೆರಳ ಚರ್ಮದ ಧೂಳಿನಿಂದಲೂ ಸಂಖ್ಯೆ ಏರುತ್ತದೆ. ಭಸ್ಮ, ರಸೌಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಕೆಲವದರಲ್ಲಿ ಸೀಸ, ಪಾದರಸ ಇರುತ್ತದೆ, ಆಗ ಬೈಗುಳ ಮೀನಿಗೆ ಬೀಳುತ್ತದೆ. ಆರ್ಸೆನಿಕ್‌ಗೆ ಮೂತ್ರ ಪರೀಕ್ಷೆ ಬರೆದುಕೊಟ್ಟಿದ್ದರೆ ಅದಕ್ಕೂ ಮುಂಚೆ ನಾಲ್ಕೈದು ದಿನ ಸಮುದ್ರದ ಮೀನು, ಸಿಗಡಿ, ಏಡಿ ತಿನ್ನಬೇಡಿ. ಅವುಗಳಲ್ಲಿರುವ ಅಪಾಯವಿಲ್ಲದ ರೂಪದ ಆರ್ಸೆನಿಕ್ಕೂ ಒಟ್ಟು ಲೆಕ್ಕಕ್ಕೆ ಸೇರಿ ವರದಿ ಕೆಂಪಗೆ ಬರುತ್ತದೆ.